ಎರಡನೇ ಗೋಲ್‌ಕೀಪರ್‌ನ ಪರಿಚಯ ಭಾಷಣ

ವಂದನಾರ್ಪಣೆಯ ಹೊತ್ತಿಗೆ ಸಭೆಯಲ್ಲಿ ಯಾರೂ ಉಳಿದಿರುವುದಿಲ್ಲ ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ಸಿಡ್ನಿಯ ನಮ್ಮ ಕನ್ನಡ ಬಳಗದಲ್ಲಿ ಸತತ ಐದು ವರ್ಷ ಆ ಕೆಲಸ ನನ್ನದೇ ಆಗಿತ್ತು. ನಾನು 'ಸಭಿಕರೆಲ್ಲರಿಗೂ' ಎನ್ನುವಷ್ಟರಲ್ಲಿ ಸಭಿಕರೆಲ್ಲ ಬಿಸಿಬೇಳೆಬಾತಿನ ಸಾಲಿನಲ್ಲಿರುತ್ತಿದ್ದರು. ಮುಂದೆ ಕೂತಿರುತ್ತಿದ್ದವಳು ನನ್ನ ಹೆಂಡತಿ ಸುಮಾ ಒಬ್ಬಳೇ. ಅವಳೂ ಸಾಲು ಎಷ್ಟು ಉದ್ದವಾಯಿತೆಂದು ತಿರುಗಿ ತಿರುಗಿ ನೋಡುತ್ತಿದ್ದಳು. ಅದಕ್ಕೇ ಅತಿಥಿ ಪರಿಚಯ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆಗ ಸಭೆ ತುಂಬಿರುತ್ತದೆ, ಯಾರಿಗೂ ಇನ್ನೂ ಹಸಿವಾಗಿರುವುದಿಲ್ಲ.

2006ರ ನಮ್ಮ ಕ್ರೀಡಾದಿನಕ್ಕೆ ಮೆಲ್ಬರ್ನ್‌ನಿಂದ, ಅಲ್ಲಿನ ವೆರಿಬೀ ಬಡಾವಣೆಯ ಡಾಕ್ಟರೊಬ್ಬರು ಮುಖ್ಯ ಅತಿಥಿಯಾಗಿ ಬರಬೇಕಿತ್ತು. ವಾರವಿರುವಾಗ ಬರಲಾಗುವುದಿಲ್ಲ ಎಂದುಬಿಟ್ಟರು. ಬಳಗದ ಅಧ್ಯಕ್ಷ ನಾಗರಾಜ್ ಫೋನಿನಲ್ಲಿ ಗೋಳಾಡಿದರು. "ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲಾ ರೆಡಿ ಇದೆ ಕಣ್ರೀ. ಪೇಟಕ್ಕೆ ತಲೆ ಒಂದಿಲ್ಲ!"

"ನಮ್ ಪಕ್ಕದ್ಮನೇಲಿ ಒಬ್ರು ಡಚ್ ಫುಟ್ಬಾಲ್ ಪ್ಲೇಯರ್ ಇದಾರೆ ಸಾರ್, ರಿಟೈರ್ಡ್. ಹನ್ನೊಂದು ವರ್ಷ ಪ್ರೊಫೆಷನಲ್ ಆಗಿದ್ರಂತೆ" ಎಂದೆ. ಆ ವರ್ಷ ಆಸ್ಟ್ರೇಲಿಯಾ ವಿಶ್ವಕಪ್ ಆಡಿ ಬಂದಿತ್ತು, ಕೋಚ್ ಡಚ್ಚರು. ಡಚ್ ಎಂದರೆ ಸಾಕಿತ್ತು. "ಬುಕ್ ಮಾಡ್ಬಿಡಿ! ಪರಿಚಯಾನೂ ನೀವೇ ಮಾಡಿ" ಎಂದರು. ನನಗೆ ಸ್ವರ್ಗ ಮೂರೇ ಗೇಣು.

ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿ ನಮ್ಮ ಬೇಲಿಯಾಚೆ ಇದ್ದ ಯೋಪ್ ಅರವತ್ತು ದಾಟಿದ ಎತ್ತರದ ಮನುಷ್ಯ. ನೋಟ್‌ಬುಕ್ ಹಿಡಿದು ಹೋದಾಗ ನಿಂಬೆಗಿಡ ಕತ್ತರಿಸುತ್ತಿದ್ದರು.

"ಎಷ್ಟು ಗೋಲು ಹೊಡೆದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಒಂದೂ ಇಲ್ಲ. ನಾನು ಗೋಲ್‌ಕೀಪರ್."

"ಹಾಗಾದರೆ ಎಷ್ಟು ತಡೆದಿರಿ?"

"ಪಂದ್ಯದಲ್ಲೋ, ಪ್ರಾಕ್ಟೀಸಿನಲ್ಲೋ?"

ಅವರು ತಂಡದ ಎರಡನೇ ಗೋಲ್‌ಕೀಪರ್. ಮೊದಲನೆಯವನಿಗೆ ಹನ್ನೊಂದು ವರ್ಷದಲ್ಲಿ ಒಂದು ನೆಗಡಿಯೂ ಬರಲಿಲ್ಲವಂತೆ. ಯೋಪ್ ಮೈದಾನಕ್ಕಿಳಿದದ್ದು ಒಮ್ಮೆ, ಕೊನೆಯ ನಾಲ್ಕು ನಿಮಿಷ. ಚೆಂಡು ಆ ನಾಲ್ಕೂ ನಿಮಿಷ ಆಚೆ ತುದಿಯಲ್ಲೇ ಇತ್ತು.

ಬುದ್ಧಿವಂತನಾದವನು ಅಲ್ಲಿಗೇ ನೋಟ್‌ಬುಕ್ ಮಡಚುತ್ತಿದ್ದ. ನನಗೆ ಕುತೂಹಲ ಹತ್ತಿಕೊಂಡಿತು. ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತು ಮನುಷ್ಯ ಏನು ಮಾಡುತ್ತಾನೆ? ಪ್ರತಿ ಪಂದ್ಯಕ್ಕೂ ಮೊದಲು ಮೈ ಬಿಸಿ ಮಾಡಿಕೊಂಡು, ಕೈಗವಸು ಹಾಕಿಯೇ ಕೂರುತ್ತಿದ್ದರಂತೆ. "ಅವನು ಬಿದ್ದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಅವನೂ ಎದ್ದುಬಿಡುತ್ತಿದ್ದ."

"ಬಿದ್ದವನು ಏಳದಿರಲಿ ಅನ್ನಿಸುತ್ತಿರಲಿಲ್ಲವೇ?"

"ಪ್ರತಿ ವಾರ" ಎಂದು ನಕ್ಕರು. "ಮನೆಗೆ ಹೋದಮೇಲೆ ನಾಚಿಕೆಯಾಗುತ್ತಿತ್ತು. ಈಗಲೂ ಕ್ರಿಸ್‌ಮಸ್‌ಗೆ ಮೊದಲ ಫೋನು ಅವನದೇ."

ಮೂರು ಪುಟ ಬರೆದೆ. 'ತಂಡದ ಗೋಲಿನ ಹಿಂದಿನ ಶಕ್ತಿ' ಎಂದೆಲ್ಲ ಇತ್ತು. ಸುಮಾ ಓದಿ, "ಬೆಂಚ್ ಮೇಲೆ ಕೂತಿದ್ರು ಅಂತ ಎಲ್ಲೂ ಇಲ್ವಲ್ರೀ?" ಎಂದಳು.

"ಅದ್ಯಾಕೆ ಹೇಳ್ಬೇಕು?"

"ಅದು ಬಿಟ್ರೆ ಇನ್ನೇನಿದೆ ಅವ್ರ ಕೆರಿಯರ್‌ನಲ್ಲಿ?"

ಹರಿದು ಹಾಕಿ, ಇದ್ದದ್ದನ್ನೇ ಬರೆದೆ. ನಿಜ ಹೇಳಲು ಸಂಕೋಚವೇಕೆ, ನಾನು ಬರೆದದ್ದನ್ನು ಓದಿ ನನ್ನ ಕಣ್ಣೇ ತೇವವಾಯಿತು. ಕನ್ನಡಿಯ ಮುಂದೆ ಏಳು ಸಲ ಓದಿ ರೂಢಿ ಮಾಡಿಕೊಂಡೆ.

ಆ ದಿನ ಯೋಪ್ ಸೂಟು ತೊಟ್ಟು ವೇದಿಕೆಯ ಮೇಲೆ ಕೂತಿದ್ದರು. ನಾನು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಹೇಗೋ ಬಿಡುವು ಮಾಡಿಕೊಂಡು ವೆರಿಬೀಯ ಡಾಕ್ಟರು ಬಂದೇಬಿಟ್ಟಿದ್ದರು! ನಾಗರಾಜ್ ನನ್ನ ಕೈಯಿಂದ ಮೈಕು ತೆಗೆದುಕೊಂಡು, "ಇವ್ರ ಪರಿಚಯ ನಾನೇ ಮಾಡ್ತೀನಿ. ನಿಮ್ಗೆ ಹೇಗೂ ವಂದನಾರ್ಪಣೆ ಇದೆಯಲ್ಲ" ಎಂದು ಪಿಸುಗುಟ್ಟಿದರು. ಯೋಪ್ ಯಾರೂ ಹೇಳುವ ಮೊದಲೇ ಕುರ್ಚಿ ಬಿಟ್ಟುಕೊಟ್ಟು ಇಳಿದು ಬಂದರು.

ಗೋಡೆಯ ಪಕ್ಕದ ಬೆಂಚಿನಲ್ಲಿ ಇಬ್ಬರೂ ಕೂತೆವು. ನನಗೆ ಸಿಟ್ಟು, ಅವಮಾನ. ಕ್ಷಮೆ ಕೇಳಿದೆ. ಅವರು ಆರಾಮವಾಗಿ ಕಾಲು ಚಾಚಿ, ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದರು. "ಮೈ ಬಿಸಿ ಮಾಡಿಕೊಂಡಿದ್ದೆಯಾ?"

"ಏಳು ಸಲ."

"ಹಾಗಾದರೆ ಎಸೆಯಬೇಡ. ಇಟ್ಟುಕೊಂಡಿರು."

ಡಾಕ್ಟರು ಮಾತಾಡಿದರು, ಮಾತಾಡುತ್ತಲೇ ಇದ್ದರು. ನಡುವೆ ಅವರಿಗೆ ಜೋರಾಗಿ ಕೆಮ್ಮು ಬಂತು. ಎದೆ ಹಿಡಿದುಕೊಂಡು ಕುರ್ಚಿಗೆ ತಡಕಾಡಿದರು. ನೋಡಿದರೆ, ಹಾಳೆ ಹಿಡಿದು ನಾನು ಎದ್ದು ನಿಂತಿದ್ದೇನೆ. ಪಕ್ಕದಲ್ಲಿ ಯೋಪ್ ಕೂಡ ನಿಂತಿದ್ದಾರೆ.

ಡಾಕ್ಟರು ನೀರು ಕುಡಿದು ಮುಂದುವರಿಸಿದರು. ನಾವಿಬ್ಬರೂ ಕೂತೆವು.