ನೀರು ಹೊಡೆದ ಮಾಲು

ನಮ್ಮ ಕಾಕಾ ನೀರು ಕುಡಿಯುವುದೂ ಸ್ವಲ್ಪ ಸಂಶಯದಿಂದಲೇ! ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಹತ್ತಿ ವ್ಯಾಪಾರ ಮಾಡಿದವರು. ತೇವ ಅವರ ಜನ್ಮವೈರಿ. ಹತ್ತಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ "ಮಾಲು ಹಸಿ ಐತಿ" ಎಂದರೆ ಮುಗಿಯಿತು, ದರ ಬಿತ್ತು. ನೀರು ಹೊಡೆದು ಹತ್ತಿಯ ತೂಕ ಹೆಚ್ಚಿಸುವವರನ್ನಂತೂ ಅವರು ಇಂದಿಗೂ ಶಪಿಸುತ್ತಾರೆ. ಇಂಥವರು ಎಪ್ಪತ್ತು ದಾಟಿದ ಮೇಲೆ ಮುಖಕ್ಕೆ ಮಾಯಿಶ್ಚರೈಸರ್ ಹುಡುಕಿಕೊಂಡು ಹೊರಟರೆಂದರೆ ನಂಬುತ್ತೀರಾ?

ಕಾರಣವಿತ್ತು. ಅವರ ಹೆಂಡತಿ, ನಮ್ಮ ಕಾಕೂ, ಆಪರೇಷನ್ನಿಗೆ ಹೆದರಿ ಕಣ್ಣಿನ ಪೊರೆ ಬೆಳೆಸಿಕೊಂಡು, ಹತ್ತು ವರ್ಷ ಮಂಜಿನಲ್ಲೇ ಸಂಸಾರ ಮಾಡಿದ್ದರು. ಈಗ ಒಪ್ಪಿದ್ದರು.

"ಪಟ್ಟಿ ಬಿಚ್ಚಿದ ಕೂಡ್ಲೆ ಆಕಿ ನೋಡೂದು ನನ್ನ ಮಾರಿನ. ಹದಿನೈದ ದಿನ ಉಳದಾವು. ಏನರ ಮಾಡೋ ತಮ್ಮಾ!" ಎಂದರು ಕಾಕಾ.

ಕೇಶ್ವಾಪುರದಲ್ಲಿ ಮೂರು ಅಂಗಡಿ ಅಲೆದೆವೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಒಂದೇ ಇದ್ದೀತು, ಹೇಳಿದಂತೆಲ್ಲ ನನ್ನ ನೆನಪಿನಲ್ಲಿ ಅಂಗಡಿಗಳು ಹುಟ್ಟುತ್ತವೆ.

"ನಿಮ್ಮ ಸ್ಕಿನ್ ಯಾವ ಟೈಪ್ರಿ, ಅಜ್ಜಾರ?" ಎಂದಳು ಅಂಗಡಿಯ ಹುಡುಗಿ.

"ಅಜ್ಜಾ ಅನಬ್ಯಾಡವಾ, ಅದಕ್ಕ ಬಂದೇವಿ. ನಂದು ಜಯಧರ."

ಪಾಪ, ಆಕೆ ಕಪಾಟಿನಲ್ಲಿ ಆ ಹೆಸರಿನ ಡಬ್ಬಿ ಹುಡುಕತೊಡಗಿದಳು. ಅದು ಹತ್ತಿಯ ತಳಿ ಎಂದು ನಾನು ಬಿಡಿಸಿ ಹೇಳಬೇಕಾಯಿತು.

"ಎಳಿ ಗಿಡ್ಡ, ಆದ್ರ ಬಾಳಿಕಿ ಗಟ್ಟಿ," ಕಾಕಾ ಸೇರಿಸಿದರು.

"ಹಂಗಾರ ಒಣಾ ಸ್ಕಿನ್ ಅನ್ರಿ. ವಾಸನಿ ಇಲ್ಲದ್ದು ತಗೋರಿ, ಉರಿಯಂಗಿಲ್ಲ. ಮಾರಿ ತೊಳದು, ಹಸಿ ಇದ್ದಾಗನ ಹಚ್ಚರಿ. ತೇವ ಹಿಡದ ಇಡತೈತಿ."

ಕಾಕಾ ಬೆಚ್ಚಿದರು. "ಅಂದ್ರ, ನೀರ ಹೊಡದು ಮಾಲು ಚಂದ ಕಾಣಸೂದು?"

"ಹಂಗ ತಿಳ್ಕೋರಿ."

"ನೀರ ಹೊಡದ ಮಾಲು ನಾ ಒಂದ ಚೀಲಾನೂ ಮಾರಿಲ್ಲವಾ!"

ಆದರೂ ಎರಡು ಬಗೆಯ ಡಬ್ಬಿ ಕೊಂಡರು. ಸ್ಯಾಂಪಲ್ ನೋಡದೆ ಮಾಲು ಒಪ್ಪುವುದುಂಟೇ? ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು, ಹೋಲಿಸಿ ನೋಡಲು ಹಣೆ ಮಾತ್ರ ಒಣ! ಆ ಅವತಾರದಲ್ಲೇ ನವನಗರದ ನಿಶ್ಚಿತಾರ್ಥಕ್ಕೆ ಹೋದರು. ಎಡಕ್ಕೆ ಕುಳಿತವರು "ಏನ್ರಿ, ವಯಸ್ಸು ಹತ್ತ ವರ್ಷ ಇಳದೈತಲ್ರಿ!" ಎಂದರು. ಬಲಕ್ಕೆ ಕುಳಿತವರು "ಕಾಮಣಿ ಆಗಿತ್ತೇನ್ರಿ, ಮಾರಿ ಹಳದಿ ಆಗೈತಿ?" ಎಂದರು. ಎಡಗಡೆಯ ಡಬ್ಬಿ ಪಾಸಾಯಿತು. ಈ ಪ್ರಸಂಗದಲ್ಲಿ ನನ್ನ ಕೈವಾಡ ಸ್ವಲ್ಪ ಇದೆ, ಎಷ್ಟೆಂದು ಕೇಳಬೇಡಿ.

ಪಟ್ಟಿ ಬಿಚ್ಚುವ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಾಕಾ ಮುಖ ತೊಳೆದರು. ಹಸಿ ಇದ್ದಾಗಲೇ ಹಚ್ಚಬೇಕಲ್ಲ, ನಾನು ಡಬ್ಬಿ ತೆರೆದು ಹಿಡಿದೆ. ಅವರು ಟವೆಲಿನಿಂದ ಮುಖವನ್ನು ಗಸಗಸ ಒರೆಸಿಕೊಂಡುಬಿಟ್ಟರು.

"ಚೀಲದಾಗ ಇಡೋ ಅದನ್ನ. ಊರ ಮಂದಿಗೆಲ್ಲಾ ಒಣಾ ಮಾಲು ತೋರ್ಸೇನಿ. ಆಕಿಗೆ ನೀರ ಹೊಡದದ್ದು ತೋರ್ಸಲೇನು?"

ಡಾಕ್ಟರು ಪಟ್ಟಿ ಬಿಚ್ಚಿದರು. ಕಾಕೂ ಹೊಸ ಕಣ್ಣನ್ನು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಅಯ್ಯ! ಯಾವಾಗ ಇಷ್ಟ ಮುದುಕ ಆದ್ರಿ? ನನಗ ಹೇಳೇ ಇಲ್ಲಲ್ರಿ!"

ಕಾಕೂ ಕೈ ಚಾಚಿ, ಕಾಕಾ ಅವರ ಕೆನ್ನೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿಕ್ಕಿದರು.

"ಮಾಲು ಹಸಿ ಐತಿ," ಎಂದರು.

ಹಾಗೆಯೇ ಅಂದರೋ, ಅಂದಿರಲಿ ಎಂದು ನಾನೇ ಸೇರಿಸಿದೆನೋ, ಆಣೆ ಮಾಡಲಾರೆ. ಒಂದು ಮಾತ್ರ ಖಾತ್ರಿ: ಡಬ್ಬಿ ನನ್ನ ಚೀಲದಲ್ಲೇ ಇತ್ತು.