ಹಿತ್ತಲ ಗೆಜೆಬೊ ಮತ್ತು ಒಗ್ಗರಣೆ ಇಲ್ಲದ ಮಧ್ಯಾಹ್ನ

ಮಂಟಪದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಶಿರಸಿಯಲ್ಲಿ ಇಷ್ಟು ವರ್ಷ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೊ ತೆಗೆದವನು ನಾನು. ಯಾವ ಮದುವೆಯಲ್ಲಿ ಮಂಟಪ ಎಡಕ್ಕೆ ವಾಲಿತ್ತು, ಯಾವುದರ ಕಂಬ ಫೋಟೊದಲ್ಲಿ ಮದುಮಗನ ತಲೆಯಿಂದಲೇ ಎದ್ದಂತೆ ಬಂದಿತ್ತು, ಎಲ್ಲ ನನಗೆ ಬಾಯಿಪಾಠ. ಇಂಥವನಿಗೆ ಸ್ವಂತ ಹಿತ್ತಲಿಗೆ ಒಂದು ಗೆಜೆಬೊ ಆರಿಸುವುದು ಎಷ್ಟರ ಕೆಲಸ!

ಗೆಜೆಬೊ ಎಂದರೆ ದೊಡ್ಡದೇನಲ್ಲ. ನಾಲ್ಕೋ ಆರೋ ಕಂಬ, ಮೇಲೊಂದು ಚೂಪು ಮಾಡು, ಸುತ್ತ ಪರದೆ. ನಮಗೆ ಅದು ಬೇಕಾದದ್ದು ತೊಟ್ಟಿಗಾಗಿ. ಯಲ್ಲಾಪುರದ ಕಡೆ ಹೋಂಸ್ಟೇ ನಡೆಸುತ್ತಿದ್ದ ಗೆಳೆಯನೊಬ್ಬ ಅದನ್ನು ಮುಚ್ಚುವಾಗ, ಬಿಸಿನೀರು ತುಂಬಿಸಿ ಕೂರುವ ದೊಡ್ಡ ದುಂಡನೆ ತೊಟ್ಟಿಯೊಂದನ್ನು ನನಗೆ ಕೊಟ್ಟಿದ್ದ. ನನ್ನ ಹೆಂಡತಿ ಜಾನಕಿ ನಮ್ಮ ಕೇರಿಗೆಲ್ಲ ಬ್ಲೌಸು ಹೊಲಿಯುವವಳು. ದಿನವಿಡೀ ಮಷಿನ್ನು ತುಳಿದು ಸಂಜೆಗೆ ಅವಳ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಬಿಸಿನೀರಲ್ಲಿ ಕೂತರೆ ಹಿತವಾದೀತು ಎಂದು ನನ್ನ ಆಸೆ. ಆದರೆ ತೆರೆದ ತೊಟ್ಟಿಯಲ್ಲಿ ಹಲಸಿನ ಎಲೆ ಬೀಳುತ್ತಿತ್ತು. ಪಕ್ಕದ ಮನೆ ಗಂಗಕ್ಕನ ತಾರಸಿಯಿಂದ ನಮ್ಮ ಹಿತ್ತಲು ಅಂಗೈಯಂತೆ ಕಾಣುತ್ತಿತ್ತು. ಹೀಗಾಗಿ ಗೆಜೆಬೊ.

ಆರಿಸಲು ಕೂತೆ, ಕೂತೇ ಇದ್ದೆ. ಆರು ಮೂಲೆಯದೋ, ಚೌಕದ್ದೋ? ಮರದ್ದೋ, ಕಬ್ಬಿಣದ್ದೋ? ಹುಬ್ಬಳ್ಳಿಯ ಅಂಗಡಿಯವನು ಕಳಿಸಿದ ಚಿತ್ರಗಳಿಂದ ನನ್ನ ಫೋನು ತುಂಬಿತು, ಜಾನಕಿಯ ತಾಳ್ಮೆ ಖಾಲಿಯಾಯಿತು. ಅವತ್ತು ಬೆಳಗ್ಗೆ ಸಿದ್ದಾಪುರದ ತವರಿಗೆ ಹೊರಟವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಆಜ್ಞೆ ಹೊರಡಿಸಿದಳು.

"ಸಂಜೆ ಆನು ಬಪ್ಪದ್ರೊಳಗೆ ಒಂದು ನಿರ್ಧಾರ ಮಾಡಿ. ಇಲ್ದೇ ಹೋದ್ರೆ ಆ ತೊಟ್ಟಿಯ ದನಕ್ಕೆ ನೀರು ಕುಡಿಸೂಲೆ ಕೊಟ್ಬಿಡ್ತೆ!"

"ಆತು. ಬಪ್ಪಾಗ ಹಲಸಿನ ಹಪ್ಪಳ ತಗಂಡು ಬಾ" ಎಂದೆ ನಾನು.

ದಂಪತಿಗಳ ನಡುವೆ ಆಡಿದ ಮಾತು ಇಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಸ್ಸು ಹೋದ ಮೇಲೆ ನನಗೊಂದು ಉಪಾಯ ಹೊಳೆಯಿತು. ಚಿತ್ರ ನೋಡಿ ಆರಿಸುವುದಕ್ಕಿಂತ, ಹಿತ್ತಲಲ್ಲೇ ಒಂದು ಮಾದರಿ ಕಟ್ಟಿ, ಕ್ಯಾಮೆರಾದಲ್ಲಿ ನೋಡಿಬಿಟ್ಟರೆ ಅಳತೆ ಗೊತ್ತಾಗುತ್ತದಲ್ಲ! ಸೀದಾ ಬಸಣ್ಣನ ಅಂಗಡಿಗೆ ಹೋದೆ. ಬಸಣ್ಣ ದಾಸನಕೊಪ್ಪದವನು, ಬಿದಿರು, ಹಗ್ಗ, ಮಡಕೆ, ಕಟ್ಟಿಗೆ ಎಲ್ಲ ಇಟ್ಟಿದ್ದಾನೆ.

"ಬರ್ರಿ ಫೋಟೊ ಸಾಹೇಬ್ರ. ಏನ್ ಬೇಕ್ರಿ?"

"ಎರಡು ಉದ್ದನೆ ಹಸಿ ಬಿದಿರು. ಕಟ್ಟೋದಕ್ಕೆ ಕತ್ತದ ಹಗ್ಗ." ಕಂಬಕ್ಕೆ.

"ಮತ್ತ?"

"ಒಂದು ಹೊಸ ಮಡಕೆ. ಅದಕ್ಕೊಂದು ತೂತು ಮಾಡಿಕೊಡು." ಮೂಲೆಯಲ್ಲಿ ಹೂವಿನ ಗಿಡ ಇಡಲಿಕ್ಕೆ.

ಬಸಣ್ಣ ತಲೆ ಎತ್ತಿ ನನ್ನನ್ನೇ ನೋಡಿದ. ನನ್ನ ಕೈಯಲ್ಲಿ ಆಗಲೇ ಬಟ್ಟೆ ಅಂಗಡಿಯಿಂದ ತಂದ ಬಿಳಿ ಬಟ್ಟೆಯ ಗಂಟಿತ್ತು. ಮಾಡಿಗೂ ಪರದೆಗೂ.

"ಕಟ್ಟಿಗಿ ಬೇಕೇನ್ರಿ?" ಎಂದ, ದನಿ ತಗ್ಗಿಸಿ.

ಎಷ್ಟು ಸೂಕ್ಷ್ಮ ಮನುಷ್ಯ! ನೀರು ಕಾಯಿಸಲು ಕಟ್ಟಿಗೆ ಬೇಕೆಂಬುದು ನನಗೇ ಮರೆತಿತ್ತು. "ಒಳ್ಳೆ ನೆನಪು ಮಾಡಿದೆ. ಒಣಗಿದ್ದು ಹಾಕು. ಒಂದು ಕಟ್ಟು ಊದುಬತ್ತಿಯೂ ಇರಲಿ" ಎಂದೆ. ನಮ್ಮ ಹಿತ್ತಲಲ್ಲಿ ಸೊಳ್ಳೆ ಜಾಸ್ತಿ.

"ಯಾರಿಗ್ರಿ ಇದು?"

"ನಮ್ಮ ಮನೆಯವಳಿಗೆ."

ಬಸಣ್ಣ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನು ಹಿಂದಕ್ಕೆ ತಳ್ಳಿ, "ಈಗ ಬ್ಯಾಡ್ರಿ, ಆಮ್ಯಾಲ ನೋಡೋಣ್ರಿ" ಎಂದು ಮುಖ ತಿರುಗಿಸಿದ. ಮಗಳ ಮದುವೆಯ ಆಲ್ಬಮ್ಮು ಚೆನ್ನಾಗಿ ಮಾಡಿಕೊಟ್ಟದ್ದಕ್ಕೆ ಈ ಗೌರವ ಎಂದುಕೊಂಡೆ. ಎಂಥ ಹೆಮ್ಮೆಯಿಂದ ಗೂಡ್ಸ್ ರಿಕ್ಷಾ ಹತ್ತಿದೆ! ದಾರಿಯಲ್ಲಿ ಎದುರಾದವರೆಲ್ಲ ಬದಿಗೆ ಸರಿದು ನಿಂತರು. ಒಬ್ಬಿಬ್ಬರು ಚಪ್ಪಲಿ ಕೂಡ ಬಿಟ್ಟರು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮನೆಗೆ ಬಂದು ಅಂಗಿ ಕಳಚಿ, ಪಂಚೆ ಎತ್ತಿ ಕಟ್ಟಿ ಕೆಲಸಕ್ಕಿಳಿದೆ. ಬಿದಿರು ಕಡಿದು ನಾಲ್ಕು ಕಂಬ ನೆಟ್ಟೆ. ಬಿಳಿ ಬಟ್ಟೆ ಹೊದಿಸಿದೆ. ಊದುಬತ್ತಿ ಇಡೀ ಕಟ್ಟು ಹಚ್ಚಿದೆ. ತೊಟ್ಟಿಗೆ ತಣ್ಣೀರು ತುಂಬಿಸುವಾಗ ನಾನೇ ಅರ್ಧ ನೆನೆದೆ. ಜಾನಕಿಯ ಹೊಲಿಗೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಅಳತೆಗೆ ನಿಂತೆ.

ಮೊದಲು ಬಂದವರು ಎದುರುಮನೆಯ ಸುಬ್ರಾಯ ಭಾವ. ಅವರು ಹಿತ್ತಲ ಬಾಗಿಲಲ್ಲಿ ನಿಂತು, ನಾಲ್ಕು ಕಂಬಗಳನ್ನು ನೋಡಿದರು, ಮಡಕೆ ನೋಡಿದರು, ಒದ್ದೆ ಪಂಚೆಯ ನನ್ನನ್ನು ನೋಡಿದರು.

"ಬನ್ನಿ ಭಾವ, ಚಾ ಮಾಡ್ತೆ."

"ಚಾ ಎಲ್ಲ ಬ್ಯಾಡ ಮಾರಾಯ."

ಸುಬ್ರಾಯ ಭಾವ ಚಾ ಬೇಡ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಜಾನಕಿ ಸಿದ್ದಾಪುರದಿಂದ ಎಷ್ಟೊತ್ತಿಗೆ ಬಪ್ಪದು?" ಎಂದರು.

"ಐದು ಗಂಟೆ ಬಸ್ಸಿಗೆ."

"ಬಸ್ಸಿಗಾ!"

"ಮತ್ತೆ? ಕಾರು ಮಾಡ್ಕಂಡು ಬಾ ಹೇಳಿದ್ರೆ ಕೇಳ್ತಿಲ್ಲೆ. ಕಿಟಕಿ ಸೀಟು ಸಿಕ್ಕಿದ್ರೆ ಖುಷಿ ಅದಕ್ಕೆ."

ಭಾವ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಫೋನು ತೆಗೆದು ಮಂಟಪಗಳ ಚಿತ್ರ ತೋರಿಸಿದೆ. "ನೋಡಿ, ಆರು ಮೂಲೆದು ಚೊಲೋನಾ, ಚೌಕದ್ದು ಚೊಲೋನಾ? ನಡುವೆ ಜಾನಕಿ ಆರಾಮಾಗಿ ಕಾಲು ಚಾಚ್ಕಂಡು ಇರವು."

"ಇದೆಲ್ಲ ಇವತ್ತೇ ಎಂತಕ್ಕೆ? ಮೊದಲು ಹನ್ನೆರಡು ದಿನ ಕಳಿಲಿ."

"ಹನ್ನೆರಡು ದಿನ ಕಾದ್ರೆ ಹುಬ್ಬಳ್ಳಿಯವನ ರಿಯಾಯಿತಿ ಮುಗಿತು ಭಾವ!"

ಅವರು ನನ್ನ ಭುಜ ಹಿಡಿದು ಒಮ್ಮೆ ಒತ್ತಿದರು. ಆಮೇಲೆ ಹೊರಟೇಹೋದರು. "ಬರ್ತೆ" ಎನ್ನಲಿಲ್ಲ. ನಮ್ಮಲ್ಲಿ ಯಾರ ಮನೆಯಿಂದಲೇ ಆಗಲಿ "ಬರ್ತೆ" ಎನ್ನದೆ ಏಳುವ ಕ್ರಮ ಇಲ್ಲ. ಹಾಗೆ ಎದ್ದುಹೋಗುವುದು ಒಂದೇ ಬಗೆಯ ಮನೆಯಿಂದ. ಅದು ನನಗೂ ಗೊತ್ತಿತ್ತು. ಆದರೆ ಆ ಮನೆ ನನ್ನದಿರಬಹುದು ಎಂದು ಯಾರು ಯೋಚಿಸುತ್ತಾರೆ?

ಸ್ವಲ್ಪ ಹೊತ್ತಿಗೆ ಎದುರುಮನೆ ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು ಬಂತು. ಬೆಳಗ್ಗೆ ಸ್ನಾನ ಮಾಡಿದ ಭಾವ ಮಧ್ಯಾಹ್ನ ಮತ್ತೆ ಏಕೆ ಮೀಯುತ್ತಿದ್ದಾರೆ?

ಆಮೇಲೆ ಒಬ್ಬೊಬ್ಬರಾಗಿ ಬಂದರು. ಜಗುಲಿಯಲ್ಲಿ ಕೂತರು, ನೆಲ ನೋಡಿದರು. "ಒಳ್ಳೆ ಜೀವ" ಎಂದರು ಒಬ್ಬರು. "ಇವನ ಸಂಗಡ ಇಷ್ಟು ವರ್ಷ ಕಳೆದದ್ದೇ ದೊಡ್ಡದು" ಎಂದರು ಇನ್ನೊಬ್ಬರು. ಯಾರನ್ನು ಕುರಿತು ಎಂದು ಕೇಳಲು ಬಾಯಿ ತೆರೆದರೆ ಎಲ್ಲರೂ ಕಣ್ಣು ತಪ್ಪಿಸಿದರು. ಎದ್ದವರು ಯಾರೂ "ಬರ್ತೆ" ಎನ್ನಲಿಲ್ಲ. ಒಬ್ಬರು ಹೋದ ತುಸು ಹೊತ್ತಿಗೆ ಅವರ ಮನೆಯ ಬಚ್ಚಲಲ್ಲಿ ಧಬಧಬ ನೀರು. ಇನ್ನೊಬ್ಬರು ಹೋದರು, ಇನ್ನೊಂದು ಬಚ್ಚಲಲ್ಲಿ ನೀರು. ಮೋಡ ಕವಿದ ಮಧ್ಯಾಹ್ನ, ಕೇರಿಯಲ್ಲಿ ಟಿ.ವಿ. ಇಲ್ಲ, ಮಿಕ್ಸರ್ ಇಲ್ಲ, ಬರೀ ನೀರು ಬೀಳುವ ಸದ್ದು.

ಆಗ ಇನ್ನೊಂದು ಗಮನಕ್ಕೆ ಬಂತು. ಊಟದ ಹೊತ್ತು ಮೀರುತ್ತಿತ್ತು. ಆದರೆ ಯಾವ ಮನೆಯಿಂದಲೂ ಒಗ್ಗರಣೆಯ ವಾಸನೆ ಬಂದಿರಲಿಲ್ಲ! ಅಕ್ಕಪಕ್ಕದಲ್ಲಿ ಒಲೆ ಹೊತ್ತದೆ ಇರುವುದು ಯಾವಾಗ ಎಂದು ಹೇಳಿಕೊಡಬೇಕಾಗಿಲ್ಲ. ಕೇರಿಯಲ್ಲಿ ಯಾರೋ ಹೋಗಿದ್ದಾರೆ. ಯಾರು?

ಗಂಗಕ್ಕ ಬಂದದ್ದು ಆಗ. ಸೆರಗಿನಿಂದ ಮೂಗು ಒರೆಸಿಕೊಂಡು, ಹಿತ್ತಲಲ್ಲಿ ನನ್ನ ಬಳಿ ನಿಂತು ಪಿಸುಗುಟ್ಟಿದಳು.

"ಇಂತಾ ಹೊತ್ತಲ್ಲಿ ಕೇಳುಲಾಗ. ಆದ್ರೂ... ಭಾನುವಾರ ಮಗಳ ನಿಶ್ಚಯ. ಜಾನಕಿ ಹೋಪದ್ರೊಳಗೆ ಆ ಹಸಿರು ಬ್ಲೌಸಿಗೆ ತೋಳು ಹಚ್ಚಿತ್ತ?"

"ಸಂಜೆ ಬಂದು ಹಚ್ಚಿಕೊಡ್ತು ಗಂಗಕ್ಕ."

ಗಂಗಕ್ಕನ ಮುಖ ಬಿಳಿಚಿತು. "ಹೋದವು ಬಂದು ಹೊಲಿತ್ವ ತಮ್ಮಾ? ಮನಸ್ಸು ಗಟ್ಟಿ ಮಾಡ್ಕ" ಎಂದವಳೇ ಬಾಯಿಗೆ ಸೆರಗು ಹಿಡಿದು ಜಗುಲಿಗೆ ಓಡಿದಳು.

ಬುದ್ಧಿವಂತನಾದವನು ಈ ಹಂತದಲ್ಲಿ, "ಅಯ್ಯೋ, ಇವರೆಲ್ಲ ತಪ್ಪು ತಿಳಿದಿದ್ದಾರೆ" ಎಂದು ನಗುತ್ತಿದ್ದ. ನಾನು ಹಾಗೆ ಮಾಡಲಿಲ್ಲ. ನಾನು ನಂಬಿಬಿಟ್ಟೆ! ಸಿದ್ದಾಪುರದ ದಾರಿಯಲ್ಲಿ ಏನೋ ಆಗಿಹೋಗಿದೆ, ಊರಿಗೆಲ್ಲ ಗೊತ್ತಿದೆ, ಗಂಡನಾದ ನನಗೆ ಮಾತ್ರ ಯಾರೂ ಹೇಳಿಲ್ಲ.

ಫೋನು ಮಾಡಿದೆ. "ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದಳು ಒಬ್ಬಳು, ಬಹಳ ಶಾಂತವಾಗಿ. ಮತ್ತೆ ಮಾಡಿದೆ. ಹೊರಗಿದ್ದಾರೆ. ಸಿದ್ದಾಪುರದ ಅವಳ ತವರಿನಲ್ಲಿ ಅಂಗಳದ ತುದಿಗೆ ಹೋದರೆ ಮಾತ್ರ ಸಿಗ್ನಲ್ ಸಿಗುತ್ತದೆ ಎಂಬ ಸತ್ಯ ಆ ಗಳಿಗೆಯಲ್ಲಿ ನನ್ನ ತಲೆಗೆ ಬರಲೇ ಇಲ್ಲ.

ತೊಟ್ಟಿಯ ಅಂಚಿನಲ್ಲಿ ಕುಸಿದು ಕೂತೆ. ಅವಳ ಕಾಲಿಗೆಂದು ತಂದ ತೊಟ್ಟಿ. ಅದರಲ್ಲಿ ಅವಳು ಒಂದು ದಿನವೂ ಕೂರಲಿಲ್ಲ, ಯಾಕೆಂದರೆ ನಾನು ಮೂಲೆ ಎಣಿಸುತ್ತಿದ್ದೆ. ಕೊನೆಗೆ ಅವಳಿಗೆ ನಾನು ಆಡಿದ ಮಾತಾದರೂ ಏನು? ಹುಷಾರು ಎಂದೆನೇ? ಇಲ್ಲ. ಹಪ್ಪಳ ತಗಂಡು ಬಾ! ನನಗೆ ತಡೆಯಲಾಗಲಿಲ್ಲ. ಅತ್ತೆ. ಚಿಕ್ಕ ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತೆ. ಅವಳಿಲ್ಲದ ಮನೆಯೊಳಗೆ ಹೋಗಿ ದೀಪ ಹಾಕಲು ನನಗೆ ಹೆದರಿಕೆಯಾಯಿತು.

ಬೆಳಕು ಇಳಿಯುತ್ತಿತ್ತು. ಐದರ ಬಸ್ಸಿನ ಹೊತ್ತಾಯಿತೆಂದು ಕೇರಿಯವರೆಲ್ಲ ಮತ್ತೆ ಬಂದು ನಮ್ಮ ಜಗುಲಿಯಲ್ಲಿ ಕೂತಿದ್ದರು. ಊದುಬತ್ತಿಯ ಹೊಗೆ ಬಿಳಿ ಬಟ್ಟೆಯ ಸುತ್ತ ಮೆಲ್ಲಗೆ ಸುತ್ತುತ್ತಿತ್ತು. ಗಾಳಿ ನಿಂತಿತ್ತು. ಆದರೆ ಬಟ್ಟೆ ಅಲುಗಿತು.

ಬಟ್ಟೆಯ ಆಚೆ ಒಂದು ನೆರಳು ನಿಂತಿತ್ತು. ಹೆಂಗಸಿನ ನೆರಳು. ಒಂದು ಕೈಯಲ್ಲಿ ಚೀಲ. ಕತ್ತನ್ನು ತುಸು ಎಡಕ್ಕೆ ವಾಲಿಸಿ ನಿಲ್ಲುವ ಆ ರೀತಿ ಜಗತ್ತಿನಲ್ಲಿ ಒಬ್ಬಳದ್ದೇ. ಒಂದು ಕೈ ಬಂದು ಬಟ್ಟೆಯನ್ನು ನಿಧಾನ ಸರಿಸಿತು.

"ಹಪ್ಪಳ..." ಎಂದೆ ನಾನು.

"ಅಯ್ಯಯ್ಯೋ! ಮಾತಾಡ್ತು!" ಎಂದು ಕಿರುಚಿತು ನೆರಳು.

ನಾನೂ ಕಿರುಚಿದೆ. ಹಿಂದಕ್ಕೆ ವಾಲಿ ತೊಟ್ಟಿಯೊಳಗೆ ಅಂಗಾತ ಬಿದ್ದೆ. ಕಾಲಿಗೆ ಸಿಕ್ಕ ಬಿದಿರು ಕಿತ್ತು ಬಂದು, ನಾಲ್ಕು ಕಂಬದ ಗೆಜೆಬೊ ಬಿಳಿ ಬಟ್ಟೆ ಸಮೇತ ನಮ್ಮಿಬ್ಬರ ಮೇಲೆ ಕುಸಿಯಿತು. ಜಗುಲಿಯಿಂದ ಎಲ್ಲರೂ ಓಡಿ ಬಂದರು; ಬಟ್ಟೆಯೊಳಗಿಂದ ಜಾನಕಿ ಎದ್ದು ಬರುವುದನ್ನು ನೋಡಿ ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿದರು. ಸುಬ್ರಾಯ ಭಾವ ಒಬ್ಬರೇ ನಿಂತರು, ಅವರ ಪಂಚೆ ಬೇಲಿಗೆ ಸಿಕ್ಕಿಕೊಂಡಿತ್ತು.

ಆದದ್ದು ಇಷ್ಟು. ಬಸ್ಸಿಳಿದು ಬಂದ ಜಾನಕಿ ಮನೆಯ ಮುಂದೆ ಚಪ್ಪಲಿಗಳ ರಾಶಿ ನೋಡಿದ್ದಳು. ಮಾತಿಲ್ಲ, ಕತೆಯಿಲ್ಲ. ಅವಳು ನನಗೇ ಏನೋ ಆಯಿತೆಂದು ತಿಳಿದು, ಜಗುಲಿ ಹತ್ತಲು ಧೈರ್ಯ ಸಾಲದೆ ಹಿತ್ತಲಿನಿಂದ ಬಂದಿದ್ದಳು. ಬಂದರೆ ಹಸಿ ಬಿದಿರು, ಬಿಳಿ ಬಟ್ಟೆ, ತೂತಿನ ಮಡಕೆ! ಅದರ ನಡುವೆ ಕೂತು ಹಪ್ಪಳ ಕೇಳುತ್ತಿರುವ ನಾನು!

ಎಲ್ಲ ಬಿಡಿಸಿ ಹೇಳುವ ಹೊತ್ತಿಗೆ ದೀಪ ಹಚ್ಚುವ ಸಮಯವಾಯಿತು. ಬಸಣ್ಣನ ಅಂಗಡಿಗೆ ನನ್ನ ಬೆನ್ನಿಗೇ ಸುಬ್ರಾಯ ಭಾವ ಮೊಳೆ ತರಲು ಹೋಗಿದ್ದರಂತೆ; ಸುದ್ದಿ ಅಲ್ಲಿಂದ ಕೇರಿಗೆ ಬಂದಿತ್ತು.

"ಹಸಿ ಬಿದಿರು, ಬಿಳಿ ಬಟ್ಟೆ, ಹೊಸ ಮಡಕೆ ಮೂರನ್ನೂ ಒಂದೇ ದಿನ ಒಟ್ಟಿಗೆ ಯಾರಾದ್ರೂ ಮನೆಗೆ ತಗಂಡು ಬತ್ವಾ?" ಎಂದಳು ಜಾನಕಿ. ಅವಳ ಕಣ್ಣು ಕೆಂಪಗಿತ್ತು. "ಆನಂತೂ ಚಪ್ಪಲಿ ಕಂಡಾಗಲೇ ಅತ್ತೆ." ಆಮೇಲೆ ಗಂಗಕ್ಕನ ಕಡೆ ತಿರುಗಿದಳು. "ಗಂಗಕ್ಕಾ, ಆನು ಸತ್ತಿದ್ದಿ ಹೇಳಾದಾಗ ಇವು ಅತ್ವ?"

ಗಂಗಕ್ಕ ಸುಳ್ಳು ಹೇಳುವವಳಲ್ಲ. "ಅಳದು ಕಂಡಿದ್ದಿಲ್ಲೆ. ನಿನ್ನ ಟೇಪು ಹಿಡ್ಕಂಡು ಅಳತೆ ಮಾಡ್ತಾ ಇದ್ದಿದ್ದ" ಎಂದಳು.

ಅತ್ತಿದ್ದೇನೆ! ನಿಜವಾಗಿ ಅತ್ತಿದ್ದೇನೆ! ಆದರೆ ಅಳುವಾಗ ಯಾರೂ ಇರಲಿಲ್ಲ. ಸಾಕ್ಷಿಗೆ ಮುಖ ತೋರಿಸೋಣ ಎಂದರೆ ತೊಟ್ಟಿಯಲ್ಲಿ ಮುಳುಗಿ ಎದ್ದ ಮುಖ; ಅದರಲ್ಲಿ ಕಣ್ಣೀರು ಯಾವುದು, ನಲ್ಲಿ ನೀರು ಯಾವುದು ಎಂದು ಯಾರು ಹೇಳಬೇಕು? ಈ ವಿಷಯ ನಮ್ಮ ಮನೆಯಲ್ಲಿ ಇಂದಿಗೂ ತೀರ್ಮಾನವಾಗಿಲ್ಲ.

ಗೆಜೆಬೊ ಬರಲಿಲ್ಲ. ಸದ್ಯ ಹಲಸಿನ ಮರಕ್ಕೆ ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದೇವೆ. ಜಾನಕಿ ಸಂಜೆ ತೊಟ್ಟಿಯಲ್ಲಿ ಕೂರುತ್ತಾಳೆ, ಬಿದ್ದ ಎಲೆಗಳನ್ನು ಹೆಕ್ಕುವ ಕೆಲಸ ನನ್ನದು.

ಮೊನ್ನೆ ಹೀರೆಬಳ್ಳಿಗೆ ಆಸರೆ ಬೇಕಿತ್ತು. ಬಸಣ್ಣನ ಅಂಗಡಿಗೆ ಹೋಗಿ ಬಿದಿರು ಕೇಳಿದೆ. ಅವನು ಎದ್ದೇಳಲಿಲ್ಲ. ಫೋನು ತೆಗೆದು ಜಾನಕಿಗೆ ಮಾಡಿದ, ಸ್ಪೀಕರ್ ಹಾಕಿದ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕಿವಿಗೊಟ್ಟರು.

"ಅಕ್ಕಾರ, ಫೋಟೊ ಸಾಹೇಬ್ರು ಬಿದಿರು ಕೇಳಾಕತ್ತಾರ್ರಿ. ಕೊಡ್ಲೇನ್ರಿ?"

"ನಾನು ಇನ್ನೂ ಇದ್ದೇನೆ ಬಸಣ್ಣ" ಎಂದಳು ಜಾನಕಿ. "ಒಂದು ಕೊಡಿ. ಎರಡು ಕೇಳಿದ್ರೆ ಮಾತ್ರ ಕೊಡಬೇಡಿ."