ಪುಟ ೨೧೪ರ ಹೆಬ್ಬೆರಳಿನವರ ಸನ್ನಿಧಿಗೆ

ಮೊದಲನೆಯ ಮಹಾಯುದ್ಧಕ್ಕೆ ಹೋಗಿದ್ದ ದೇಶೀ ಸಂಸ್ಥಾನಗಳ ಪಡೆಗಳ ಸಿಬ್ಬಂದಿ ಪಟ್ಟಿಯ ಇನ್ನೂರಹದಿನಾಲ್ಕನೆಯ ಪುಟದಲ್ಲಿ, ಎಡ ಅಂಚಿನಿಂದ ಒಂದೂವರೆ ಅಂಗುಲ ಒಳಗೆ ಬಿಜಯಂಗೈದಿರುವ, ಗುಲಾಬಿ ಬಣ್ಣದ ರಬ್ಬರ್ ಟೊಪ್ಪಿಗೆ ಧರಿಸಿರುವ ಶ್ರೀಮಾನ್ ಅಥವಾ ಶ್ರೀಮತಿ ಹೆಬ್ಬೆರಳಿನವರಿಗೆ, ದಿಲ್ಲಿಯ ಮಯೂರ್ ವಿಹಾರದ ಎರಡನೆಯ ಮಹಡಿಯಿಂದ ಚಂದ್ರಮೋಹನನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಇತ್ತ ಎಲ್ಲರೂ ಕ್ಷೇಮ, ತಾವೂ ತಮ್ಮ ನಾಲ್ವರು ಸಹೋದರರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ವಿಳಾಸ, ಊರು, ದೇಶ ಯಾವುದೂ ತಿಳಿಯದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿ ಬಂದಿದೆ. 'ಐ ಬೆಗ್ ಟು ಸ್ಟೇಟ್' ಎಂದು ಶುರು ಮಾಡಿದರೆ ಎಂಥ ಅರ್ಜಿಯೂ ಅರ್ಧ ಮಂಜೂರಾದಂತೆ ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು ಹೇಳಿಕೊಟ್ಟಿದ್ದರು, ಉಳಿದರ್ಧಕ್ಕೆ ಏನು ಬರೆಯಬೇಕೆಂದು ಅವರು ಹೇಳಿದ ದಿನ ನಾನು ತರಗತಿಯಲ್ಲಿ ಇರಲಿಲ್ಲವಾದ್ದರಿಂದ ಮುಂದಿನದನ್ನು ಕನ್ನಡದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಕೇಂದ್ರ ಸರ್ಕಾರದ ಒಂದು ಸಚಿವಾಲಯದ ಕಡತಗಳ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದ, ಎರಡು ವರ್ಷದ ಹಿಂದೆ, ಅಂದರೆ ೨೦೦೬ರಲ್ಲಿ, ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ನಾನು. ಮಧ್ಯಾಹ್ನ ಹೊತ್ತು ಹೋಗಲೆಂದು ಗುರಗಾಂವಿನಲ್ಲಿ ಕೆಲಸ ಮಾಡುವ ಮಗಳು ಧನ್ಯಾ ನನಗೆ ಕಂಪ್ಯೂಟರ್ ತಂದಿಟ್ಟು ಇಂಟರ್‌ನೆಟ್ ಹಾಕಿಸಿಕೊಟ್ಟಳು. ನಮ್ಮ ಕಾಲದಲ್ಲಿ ರೋಮ್ ಸಾಮ್ರಾಜ್ಯದ ಪತನಕ್ಕೆ ಐದು ಕಾರಣ, ಹತ್ತು ಅಂಕ, ಅಲ್ಲಿಗೆ ಮುಗಿಯಿತು. ಈಗ ನೋಡಿದರೆ ಒಂದೊಂದು ನೀಲಿ ಅಕ್ಷರದ ಹಿಂದೆಯೂ ಒಂದೊಂದು ಸಾಮ್ರಾಜ್ಯ ಅಡಗಿ ಕೂತಿದೆ. ಜೆರುಸಲೇಮ್ ಹುಡುಕಲು ಹೊರಟವನು ನೀಲಿ ಅಕ್ಷರ ಒತ್ತುತ್ತ ಒತ್ತುತ್ತ ವೆನಿಸ್ಸಿನ ಗಾಜಿನವರ ಬೀದಿ ಹೊಕ್ಕು, ಅಲ್ಲಿಂದ ತುರ್ಕರ ಕಾಫಿಗೆ ಕೈಹಾಕಿ, ಸಂಜೆ ನಾಲ್ಕಕ್ಕೆ ಚೀನಾದ ಯಾವುದೋ ಅರಮನೆಯ ಗಡಿಯಾರಗಳ ಮುಂದೆ ನಿಂತಿರುತ್ತೇನೆ, ಅಷ್ಟರಲ್ಲಿ ನಮ್ಮ ಮನೆಯ ಕುಕ್ಕರು ಎಷ್ಟು ಸಲ ಕೂಗಿತೋ ಯಾವ ಚಕ್ರವರ್ತಿಗೂ ಗೊತ್ತಿರುವುದಿಲ್ಲ.

ಆದರೆ ನಾನು ಜೆರುಸಲೇಮ್ ಹುಡುಕಿದ್ದು ವಿನೋದಕ್ಕಲ್ಲ. ನನ್ನ ಹೆಂಡತಿ ವಿಜಯಮ್ಮ, ಮದುವೆಯಾದ ವಾರದಲ್ಲೇ, ತನ್ನ ತಾತ ಶ್ರೀಕಂಠಯ್ಯನವರು ಮೈಸೂರು ಸಂಸ್ಥಾನದ ಕುದುರೆ ಪಡೆಯೊಂದಿಗೆ ಹಡಗು ಹತ್ತಿ ಹೋಗಿ ಜೆರುಸಲೇಮ್ ಕಂಡು ಬಂದವರೆಂದೂ, ಅಲ್ಲಿಯ ಕಲ್ಲುಬೀದಿಗಳಲ್ಲಿ ಲಾಳ ಜಾರಬಾರದೆಂದು ಕುದುರೆಗಳ ಕಾಲಿಗೆ ಗೋಣಿತಟ್ಟು ಸುತ್ತುತ್ತಿದ್ದರೆಂದೂ ಹೇಳಿದಳು. ಸಮುದ್ರ ದಾಟಿದ ಬ್ರಾಹ್ಮಣನ ಮನೆಯಿಂದ ಹೆಣ್ಣು ತರಲು ಆ ಕಾಲದಲ್ಲಿ ಯಾರೂ ಬಾರರಾದ್ದರಿಂದ ಅವರು ಊರಿಗೆಲ್ಲ 'ನಾಲ್ಕು ವರ್ಷ ಬೊಂಬಾಯಿಯಲ್ಲಿದ್ದೆ' ಎಂದು ಸಾರಿ, ನಿಜವನ್ನು ಹದಿಮೂರು ವರ್ಷದ ಮೊಮ್ಮಗಳಿಗೆ ಮಾತ್ರ ಹೇಳಿದ್ದರಂತೆ. ಕಡತಗಳ ವಿಭಾಗದವನು ನಾನು, ದಾಖಲೆ ಕೇಳಿದೆ. ಇಲ್ಲ ಎಂದಳು. ಅಂದಿನಿಂದ ಮೂವತ್ತೇಳು ವರ್ಷ, ಮನೆಗೆ ಬಂದವರ ಮುಂದೆ ಅವಳು ಗೋಣಿತಟ್ಟಿನ ತನಕ ಬರುವಷ್ಟರಲ್ಲಿ ನಾನು 'ಜೆರುಸಲೇಮ್ ಅಂದ್ರೆ ನಂಜನಗೂಡಿನ ಪಕ್ಕದ್ದು, ರೈಲು ಇಳಿದ ತಕ್ಷಣ ಎಡಗಡೆ' ಎನ್ನುತ್ತಿದ್ದೆ, ಬಂದವರು ನಗುತ್ತಿದ್ದರು, ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಬಹಳ ಒಳ್ಳೆಯ ಜೋಕು ಅದು, ಬೇಕಾದವರು ಉಚಿತವಾಗಿ ಉಪಯೋಗಿಸಿಕೊಳ್ಳಬಹುದು.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಯಾವುದೋ ದೇಶದ ಯಾವುದೋ ಗ್ರಂಥಾಲಯ ತನ್ನ ಹಳೆಯ ಪುಸ್ತಕಗಳನ್ನು ಪುಟ ಪುಟವಾಗಿ ಫೋಟೋ ಹಿಡಿಸಿ ಇಂಟರ್‌ನೆಟ್ಟಿಗೆ ಹಾಕಿದ ಪುಣ್ಯಕಾರ್ಯದಲ್ಲಿ, ೧೯೨೧ರಲ್ಲಿ ಅಚ್ಚಾದ ಈ ಪಟ್ಟಿಯ ಪುಟಗಳು ಮಡಚಿಕೊಳ್ಳದಂತೆ ಒತ್ತಿ ಹಿಡಿಯುವ ಕೆಲಸ ತಮ್ಮ ಪಾಲಿಗೆ ಬಂತು. ಇನ್ನೂರಹದಿಮೂರು ಪುಟ ತಾವು ಸರಿಯಾಗಿ ಸಮಯಕ್ಕೆ ಪಕ್ಕಕ್ಕೆ ಸರಿದಿದ್ದೀರಿ. ಇನ್ನೂರಹದಿನಾಲ್ಕರಲ್ಲಿ, ಮೈಸೂರಿನವರ ಕುದುರೆ ಆಸ್ಪತ್ರೆಯ ಸಿಬ್ಬಂದಿ ಎಂಬ ತಲೆಬರಹದ ಕೆಳಗೆ, ತಮಗೆ ವಿಶ್ರಾಂತಿ ಬೇಕೆನಿಸಿತು, ಫೋಟೋದಲ್ಲಿ ಅಲ್ಲೇ ಉಳಿದುಬಿಟ್ಟಿರಿ. ತಮ್ಮ ಮೇಲ್ಗಡೆ ಲಾಳ ಕಟ್ಟುವವರು ಇಬ್ಬರು ಸ್ಪಷ್ಟವಾಗಿದ್ದಾರೆ. ಕೆಳಗಡೆ ನೀರಿನವನು ಸ್ಪಷ್ಟವಾಗಿದ್ದಾನೆ. ನಡುವೆ ತಾವು. ತಮ್ಮ ಬಲಗಡೆಗೆ 'ಗುಮಾಸ್ತ, ಜೆರುಸಲೇಮ್' ಎಂದಿದೆ, ಹೆಸರಿನ ಜಾಗದಲ್ಲಿ ತಮ್ಮ ಟೊಪ್ಪಿಗೆಯ ಅಂಚಿನಿಂದ ಒಂದು 'ಯ್ಯ' ಇಣುಕುತ್ತಿದೆ. ಆ ಕಾಲದ ಹಳೆ ಮೈಸೂರಿನಲ್ಲಿ 'ಯ್ಯ'ದಲ್ಲಿ ಮುಗಿಯದ ಗಂಡಸರನ್ನು ಹುಡುಕಲು ಬೇರೆ ಇಲಾಖೆಯೇ ಬೇಕಾಗುತ್ತಿತ್ತು, ಆದ್ದರಿಂದ ಅದು ಪುರಾವೆಯಾಗದು.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ತುರ್ಕರ ಫಿರಂಗಿಗಳು, ತೊಂಬತ್ತು ವರ್ಷದ ಗೆದ್ದಲು, ಇನ್ನೊಂದು ಮಹಾಯುದ್ಧದ ಬೆಂಕಿ ಇವುಗಳಿಂದ ಮಾಡಲಾಗದ ಕೆಲಸವನ್ನು ತಾವು ಒಂದೇ ಕ್ಷಣದಲ್ಲಿ, ಹೆಸರನ್ನೂ ಬಯಸದೆ ಮಾಡಿ ಮುಗಿಸಿದ್ದೀರಿ. ನಮ್ಮ ಕಚೇರಿಯಲ್ಲಿ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಓದಬಲ್ಲವನ ಹೆಸರಿನ ಮೇಲೆ ಹೆಬ್ಬೆಟ್ಟು ಒತ್ತಿದ್ದು ನಾನು ಕಂಡಂತೆ ತಾವೇ ಮೊದಲು.

ತಮ್ಮ ಮೇಲಧಿಕಾರಿಗಳಿಗೆ ಹನ್ನೊಂದು ಮಿಂಚಂಚೆ ಬರೆದೆ. ಅಲ್ಲಿಯ ದೂರಿನ ಪಟ್ಟಿಯಲ್ಲಿ 'ಪುಟ ತೆರೆಯುತ್ತಿಲ್ಲ', 'ಪುಟ ತಲೆಕೆಳಗಾಗಿದೆ', 'ದೇಣಿಗೆ ಕೊಡಬಯಸುತ್ತೇನೆ' ಎಂಬ ಮೂರು ಸಂಕಟಗಳಿಗೆ ಮಾತ್ರ ಅವಕಾಶವಿದ್ದು, ಹೆಬ್ಬೆರಳು 'ಇತರೆ'ಯಲ್ಲಿ ಬರುತ್ತದೆ. ಹನ್ನೊಂದಕ್ಕೂ ಅರ್ಧ ನಿಮಿಷದಲ್ಲಿ, ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಉತ್ತರ ಬಂತು. ಅಷ್ಟು ಬೇಗ ಉತ್ತರಿಸುವ ಕಚೇರಿ ಓದದೇ ಉತ್ತರಿಸುತ್ತಿದೆ ಎಂದು ಹೇಳಲು ನನಗಿಂತ ಅನುಭವಸ್ಥರು ಬೇಕಿಲ್ಲ.

ಹೀಗಾಗಿ ನೇರವಾಗಿ ತಮ್ಮಲ್ಲೇ ನನ್ನ ವಿನಂತಿ. ದಯವಿಟ್ಟು ಅರ್ಧ ಅಂಗುಲ ಎಡಕ್ಕೆ ಸರಿಯಬೇಕು. ಆಗದಿದ್ದರೆ, ಕೆಳಗಿರುವುದು ಶ್ರೀಕಂಠಯ್ಯನವರೇ ಹೌದಾದರೆ ಒಮ್ಮೆ ಮೇಲಕ್ಕೆ, ಅಲ್ಲವಾದರೆ ಕೆಳಕ್ಕೆ ಅಲುಗಾಡಿದರೂ ಸಾಕು. ಅದೂ ಆಗದಿದ್ದರೆ ಮುಂದಿನ ಪುಟಕ್ಕೆ ವರ್ಗಾವಣೆ ಕೇಳಿಕೊಳ್ಳಿ, ನಾನು ಶಿಫಾರಸು ಬರೆಯುತ್ತೇನೆ. ಅಲ್ಲಿ ಹೇಸರಗತ್ತೆಗಳ ಪಟ್ಟಿಯಿದೆ. ಹೇಸರಗತ್ತೆಗೆ ಮಕ್ಕಳೇ ಇಲ್ಲವಾದ್ದರಿಂದ ಮೊಮ್ಮಗಳ ಗಂಡನೊಬ್ಬ ಬಂದು ತಕರಾರು ತೆಗೆಯುವ ಭಯ ತಮಗಿರುವುದಿಲ್ಲ.

ತಮಗೆ ತಿಳಿದಿರಲಿ, ಆ ಪುಟವನ್ನು ನಾನು ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದ್ದೇನೆ. ಭಾನುವಾರ ಕಾಫಿಗೆ ಬರುವ ನಮ್ಮ ಸೊಸೈಟಿಯ ಬಸವಲಿಂಗಪ್ಪನವರಿಗೆ, ಆ ಬೆರಳಿನ ಕೆಳಗಿರುವುದು ನಮ್ಮ ಮನೆಯವಳ ತಾತ, ಜೆರುಸಲೇಮಿನಲ್ಲಿ ಕುದುರೆಗಳ ಕಾಲಿಗೆ ಗೋಣಿತಟ್ಟು ಎಂದು ನಾನು ಶುರು ಮಾಡುವಷ್ಟರಲ್ಲಿ ಅವರು, 'ಅಚ್ಛಾ! ಏನ್ರೀ ಚಂದ್ರಮೋಹನ್, ಬೆರಳಚ್ಚು ಸಿಕ್ಕಿದೆ, ಆಸಾಮಿ ನಾಪತ್ತೆ ಅನ್ನಿ!' ಎಂದು ತೊಡೆ ತಟ್ಟಿಕೊಂಡು ನಕ್ಕರು. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವನು ನಾನು. ಅಡುಗೆಮನೆಯಲ್ಲಿ ನಿಂತುಕೊಳ್ಳುವುದಕ್ಕೆ ಅಂಥಾದ್ದೇನೂ ಇಲ್ಲ, ಮೂವತ್ತೇಳು ವರ್ಷ ಅವಳು ಅಲ್ಲಿ ಅಷ್ಟು ಹೊತ್ತು ಏನು ನೋಡುತ್ತಿದ್ದಳೋ ತಿಳಿಯದು.

ಇಷ್ಟು ಬರೆದು, ಅಂಚೆಗೆ ಹಾಕಲು ವಿಳಾಸವಿಲ್ಲದೆ ಮೇಜಿನ ಮೇಲಿಟ್ಟಿದ್ದಾಗ ಧನ್ಯಾ ಬಂದು ಓದಿ, 'ಪಪ್ಪಾ, ಬಸ್ ಕರೋ! ಥಂಬ್‌ಗೆ ಯಾರಾದ್ರೂ ಲೆಟರ್ ಬರೀತಾರಾ?' ಎಂದು ಅದೇ ಕಂಪ್ಯೂಟರಿನಲ್ಲಿ ಎರಡು ನಿಮಿಷ ಕುಟ್ಟಿ, ಅದೇ ಪುಸ್ತಕದ ಇನ್ನೊಂದು ಪ್ರತಿ ದಿಲ್ಲಿಯಲ್ಲೇ, ನಮ್ಮ ಮನೆಯಿಂದ ಹದಿನೈದು ಕಿಲೋಮೀಟರಿನಲ್ಲಿ, ಒಂದು ಗ್ರಂಥಾಲಯದಲ್ಲಿದೆ ಎಂದಳು. 'ಶನಿವಾರ ಚಲೋ.' ಮೊದಲ ಶನಿವಾರ ನನಗೆ ಮಂಡಿನೋವು. ಎರಡನೆಯ ಶನಿವಾರ ನೀರಿನ ಟ್ಯಾಂಕು ತೊಳೆಸುವುದಿತ್ತು. ಮೂರನೆಯದಕ್ಕೆ ನೆಪ ಹುಡುಕುವಷ್ಟರಲ್ಲಿ ಅವಳು ಆಟೋ ತಂದು ನಿಲ್ಲಿಸಿದ್ದಳು.

ಆಫೀಸಿನ ಕಡತಗಳ ವಾಸನೆಯೇ ಇದ್ದ ಆ ಓದುವ ಕೋಣೆಯಲ್ಲಿ ಪುಸ್ತಕ ಮೇಜಿಗೆ ಬಂತು, ಪುಟ ತೆರೆಯಿತು, ಆ ಸಾಲು ಕಣ್ಣಿಗೆ ಬೀಳುವ ಮೊದಲೇ ನಾನು ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟೆ. ತಮ್ಮಂತೆ ಮರೆತು ಇಟ್ಟದ್ದಲ್ಲ. ಹೆಸರು ಇಲ್ಲದಿದ್ದರೆ ಮೂವತ್ತೇಳು ವರ್ಷದ ವಾದ ನಾನು ಗೆಲ್ಲುತ್ತಿದ್ದೆ, ಆ ಗೆಲುವನ್ನು ಮನೆಗೆ ಒಯ್ದು ಯಾರಿಗೆ ಕೊಡಲಿ? 'ಪಪ್ಪಾ, ಬೆರಳು ತೆಗೀರಿ' ಎಂದಳು ಧನ್ಯಾ. 'ಇರು, ಒಂದು ನಿಮಿಷ' ಎಂದೆ. 'ಒಂದು ನಿಮಿಷ ಆಯ್ತು' ಎಂದು ಅವಳೇ ನನ್ನ ಬೆರಳನ್ನು ಹಿಡಿದೆತ್ತಿದಳು.

ಶ್ರೀಕಂಠಯ್ಯ. ಗುಮಾಸ್ತ. ಜೆರುಸಲೇಮ್.

ಆ ಸಂಜೆ ಮೈಸೂರಿನಲ್ಲಿರುವ ವಿಜಯಮ್ಮನ ಅಕ್ಕ ಸೀತಮ್ಮನವರಿಗೆ ಫೋನು ಮಾಡಿದೆ. ತಾತ ಬೊಂಬಾಯಿ ದಾಟಿದವರೇ ಅಲ್ಲ ಎಂದು ಜೀವಮಾನವಿಡೀ ಸಾಧಿಸಿದವರು ಅವರು. ಸುದ್ದಿ ಕೇಳಿ ಅವರಿಗೇನೂ ಆಶ್ಚರ್ಯವಾಗಲಿಲ್ಲ. 'ಗೊತ್ತಿತ್ತು ಕಣ್ರೀ. ಆ ಗೋಣಿತಟ್ಟಿನ ಕತೆ ನನಗೂ ಹೇಳಿದ್ರು ತಾತ. ಮದುವೆಯಾದ ಹೊಸದರಲ್ಲಿ ನೀವು ಎಲ್ಲರೆದುರು ಹಾಗೆ ನಕ್ಕಿರಲ್ಲ, ದಿಲ್ಲಿ ಅಳಿಯಂದಿರು ಆಡಿಕೊಳ್ತಾರೆ, ಯಾರೂ ಬಾಯಿ ಬಿಡಬೇಡಿ ಅಂತ ನಮ್ಮಮ್ಮ ಆಣೆ ಹಾಕಿಸಿದ್ಲು. ವಿಜಿ ಒಬ್ಬಳೇ ಕೇಳಲಿಲ್ಲ' ಎಂದರು. ಆಮೇಲೆ, 'ಹಾಗಾದ್ರೆ ಈಗ ಪ್ರಾಯಶ್ಚಿತ್ತ ಏನಾದ್ರೂ ಮಾಡಿಸ್ಬೇಕೇನ್ರೀ, ಚಂದ್ರೂ?' ಎಂದು ಕೇಳಿದರು. ಅವರು ಕೇಳಿದ್ದು ಸಮುದ್ರ ದಾಟಿದ್ದಕ್ಕೆ.

ಆದ್ದರಿಂದ, ಮಾನ್ಯರೇ, ತಾವು ಇದ್ದಲ್ಲೇ ಆರಾಮವಾಗಿ ಇರಬಹುದು. ಮೇಲ್ಕಂಡ ದೂರನ್ನು ನಾನು ಹಿಂತೆಗೆದುಕೊಳ್ಳುತ್ತಿಲ್ಲ. ದಾಖಲೆ ಮುಚ್ಚಿಟ್ಟ ಆರೋಪ, ಅವಧಿ, ಸ್ಥಳ ಎಲ್ಲವೂ ಹಾಗೆಯೇ ಇರಲಿ. ಪ್ರತಿವಾದಿಯ ಹೆಸರನ್ನು ಮಾತ್ರ ತಿದ್ದಬೇಕಾಗಿದೆ, ಅದನ್ನು ನಾನೇ ತಿದ್ದಿ ಕೆಳಗೆ ಸಹಿ ಹಾಕಿದ್ದೇನೆ.

ಒಂದು ಉಗುರಿನಷ್ಟಾದರೂ ಕ್ಷಮೆಗೆ ಅರ್ಹನೆಂದು ಭಾವಿಸಿರುವ,
ತಮ್ಮ ವಿಶ್ವಾಸಿ,
ಚಂದ್ರಮೋಹನ

ತಾ.ಕ.: ಪತ್ರ ಬಹಿರಂಗವಾದರೂ ಈ ತಾಜಾ ಕಲಮು ಗೌಪ್ಯ. ಜೆರುಸಲೇಮ್ ಸಿಕ್ಕಿದ ಹುರುಪಿನಲ್ಲಿ ಧನ್ಯಾ ಈಗ ನಮ್ಮ ಕುಟುಂಬದವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕತೊಡಗಿದ್ದಾಳೆ. ೧೯೬೩ರ ಬಿ.ಎ. ಪದವೀಧರರ ಪಟ್ಟಿಯನ್ನು ಫೋಟೋ ಹಿಡಿಯುವ ಕೆಲಸ ತಮ್ಮ ಪಾಲಿಗೆ ಬಂದರೆ, ಅದರ ಮೂರನೆಯ ದರ್ಜೆಯ ಪುಟಕ್ಕೆ ತಾವು ತಮ್ಮ ನಾಲ್ವರು ಸಹೋದರರ ಸಮೇತ ಆಗಮಿಸಿ ಸುಖಾಸೀನರಾಗಬೇಕೆಂದು ಕೋರುತ್ತೇನೆ. ಎರಡನೆಯ ದರ್ಜೆ ಎಂದು ನಾನು ವಿಜಯಮ್ಮನಿಗೆ ಹೇಳಿದ್ದೆ. ಬಂದವರಿಗೆಲ್ಲ ಅವಳೂ ಹಾಗೆಂದೇ ಹೇಳುತ್ತಿದ್ದಳು, ಒಂದು ದಿನವೂ ದಾಖಲೆ ಕೇಳಲಿಲ್ಲ.